ಮೂರನೇ ಅಂಕಣದ ನೀರು

ಪುಣೆಯ ಮಾರ್ಕೆಟ್ ಯಾರ್ಡಿನ ರಂಗೂಬಾಯಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುವವರು ಬಹಳ. ಬ್ಯಾಡಗಿ ಮೆಣಸಿನಕಾಯಿ ಮಾರುವವಳಿಗೆ ಇನ್ನೇನು ಇದ್ದೀತು ಎಂದು ನಗುವವರೂ ಅಷ್ಟೇ ಜನ. ತೂಕ ಹೆಚ್ಚಲಿ ಎಂದು ನೀರು ಚಿಮುಕಿಸಿದ ಕಾಯಿ ತಂದವನ ಚೀಲವನ್ನು ಆಕೆ ಅವನ ಕಣ್ಣೆದುರೇ ರಸ್ತೆಗೆ ಸುರಿದದ್ದುಂಟು. "ಹಸೀದನ್ನ ಒಣಗೇದ ಅಂತ ಮಾರ್ತಿ ಏನಲೇ?" ಎಂದು ಕೂಗಿದರೆ ನಾಲ್ಕು ಅಂಗಡಿ ಆಚೆಗೆ ಕೇಳಿಸುತ್ತದೆ. ಆದರೆ ಆಕೆಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎನ್ನುವುದು ಶುದ್ಧ ಸುಳ್ಳು. ಕಾರಣ ಇದ್ದೇ ಇರುತ್ತಿತ್ತು. ಅದೇನೆಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಕಾರಣವನ್ನು ಮನೆಗೇ ತಂದವನು ಮಗ ವಿಕಾಸ. "ಅವ್ವಾ, ನಮ್ಮ ಕನ್ನಡದ ಮಂದಿ ಸೇರಿ ಹೊಳಿ ದಂಡಿಗುಂಟ ಅಡ್ಡಾಡೂದು ಇಟ್ಕೊಂಡಾರ. ಹಳೇ ಪುಣೆದ ಇತಿಹಾಸ ಹೇಳ್ತಾರಂತ. ನೀನೂ ಬಾ, ಮಣಕಾಲಿಗೂ ಛಲೋ" ಎಂದು ಪುಸಲಾಯಿಸಿ ರಿಕ್ಷಾ ಹತ್ತಿಸಿದ. ಯಾವ ಸೇತುವೆ ಎಂದು ಹೇಳಲಿಲ್ಲ. ಹೇಳಿದರೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಯಾಕೆ ಬರುವುದಿಲ್ಲ ಎಂದು ಮಾತ್ರ ಎಂದೂ ಕೇಳಿರಲಿಲ್ಲ.

ಖರಾಡಿಯ ಕಡೆ ಹೋಗುವ ದಾರಿಯಲ್ಲಿ ಮುಳಾ-ಮುಠಾ ನದಿಗೆ ಅಡ್ಡಲಾಗಿ ನಿಂತ ಹಳೆಯ ಕಾಂಕ್ರೀಟ್ ಸೇತುವೆ ಅದು. ಪಾನಶೇತ್ ಅಣೆಕಟ್ಟು ಒಡೆದ ವರ್ಷ ಅಲ್ಲಿದ್ದ ಕಲ್ಲಿನ ಹಾದಿ ಕೊಚ್ಚಿಹೋಯಿತು. ಕೆಲವು ವರ್ಷ ಜನ ದೋಣಿಯಲ್ಲಿ ದಾಟಿದರು, ಆಮೇಲೆ ಇದನ್ನು ಕಟ್ಟಿದರು. ಮೊದಲು ಕಬ್ಬಿನ ಗಾಡಿಗಳು ಓಡಾಡಿದವು, ಆಮೇಲೆ ಕೆಂಪು ಬಸ್ಸುಗಳು, ಈಗ ಐಟಿ ಕಂಪನಿಗಳ ಕ್ಯಾಬುಗಳು. ಕೆಳಗೆ ನೀರಿಗಿಂತ ಅಂತರಗಂಗೆ ಕಳೆಯೇ ಹೆಚ್ಚು. ಸರಕಾರಿ ಕಾಗದದಲ್ಲಿ ಅದಕ್ಕೆ ಯಾರೋ ನಾಯಕರ ಹೆಸರಿದೆ, ಜನ ಕರೆಯುವುದು ಬಾಳಾಚಾ ಪೂಲ ಎಂದು. ಅಂದರೆ ಕೂಸಿನ ಸೇತುವೆ. ಈ ವರ್ಷ ಅದಕ್ಕೆ ಅರವತ್ತು ತುಂಬಿತ್ತು.

ರಿಕ್ಷಾದಿಂದ ಇಳಿದು ನೋಡಿದ ಕೂಡಲೇ ರಂಗೂಬಾಯಿ ಬಂದ ದಾರಿ ಹಿಡಿದಳು. ವಿಕಾಸ ಕೈ ಹಿಡಿದು ನಿಲ್ಲಿಸಿದ. ಅಷ್ಟರಲ್ಲಿ ನಡಿಗೆ ಶುರುವಾಗಿತ್ತು, ಇಪ್ಪತ್ತು ಮೂವತ್ತು ಜನರ ಗುಂಪು ಇಬ್ಬರನ್ನೂ ಒಳಗೆ ಸೇರಿಸಿಕೊಂಡು ಮೂರನೇ ಕಂಬದ ಮೇಲಿನ ಕಟಾಂಜನದ ಹತ್ತಿರ ತಂದು ನಿಲ್ಲಿಸಿತು.

ಇತಿಹಾಸ ಹೇಳುತ್ತಿದ್ದವಳು ತನುಶ್ರೀ. ಬೆಂಗಳೂರಿನ ಹುಡುಗಿ, ಖರಾಡಿಯಲ್ಲಿ ಕೆಲಸ, ರಜೆಯ ದಿನ ಜನರನ್ನು ಕಟ್ಟಿಕೊಂಡು ಹಳೆಯ ಜಾಗ ತೋರಿಸುವ ಹುಚ್ಚು. ಕೊರಳಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡಿದ್ದಳು, ಧ್ವನಿ ಇಂಪಾಗಿತ್ತು.

"ಸೋ, ಈ ಬ್ರಿಡ್ಜ್‌ದು ತುಂಬಾ ಡಾರ್ಕ್ ಆಗಿರೋ ಸ್ಟೋರಿ ಒಂದಿದೆ" ಎಂದಳು. "ಈ ಥರ್ಡ್ ಪಿಲ್ಲರ್ ನಿಲ್ತಾನೇ ಇರ್ಲಿಲ್ವಂತೆ. ಆಗ ನಮ್ಮ ಕರ್ನಾಟಕದಿಂದ ಬಂದಿದ್ದ ಒಬ್ಳು ಕೂಲಿ ಹೆಂಗಸು ತನ್ನ ಹಸುಗೂಸನ್ನ ತಂದು ಪಿಲ್ಲರ್ ಬುಡದಲ್ಲಿ ಮಲಗಿಸಿ, ತಿರುಗಿ ಕೂಡ ನೋಡದೆ ಹೊರಟುಹೋದ್ಲು. ಅದರ ಮೇಲೇನೇ ಕಾಂಕ್ರೀಟ್ ಹಾಕಿದ್ರು. ಆಮೇಲೆ ಬ್ರಿಡ್ಜ್ ಅಲ್ಲಾಡಿಲ್ಲ. ಇವತ್ತಿಗೂ ಆ ಫ್ಯಾಮಿಲಿಯವ್ರು ಕಾರಹುಣ್ಣಿಮೆ ದಿನ ಬಂದು ಸೇತುವೆಗೆ ಉಡಿ ತುಂಬ್ತಾರೆ. ಹೋದ್ವರ್ಷ ನಾನೇ ಫೋಟೋ ತೆಗೆದಿದೀನಿ."

ಗುಂಪಿನಲ್ಲಿ ಯಾರೋ "ಅಯ್ಯೋ ಪಾಪ" ಎಂದರು. ಇನ್ನಾರೋ "ಎಂಥಾ ತಾಯಿ ಇರಬೇಕ್ರಿ" ಎಂದರು. ಆ ಮಾತಿಗೆ ರಂಗೂಬಾಯಿಯ ಸಿಟ್ಟು ನೆತ್ತಿಗೇರಿತು.

"ಏ ಹುಡುಗಿ, ಬಾಯಿ ಮುಚ್ಚು! ಎಲ್ಲಿ ಅದ ಆ ಕೂಸು? ತೋರ್ಸು ನೋಡೂಣು."

ತನುಶ್ರೀ ಬೆಚ್ಚಿದಳು. "ಆಂಟಿ, ಇಲ್ಲೇ... ಈ ಪಿಲ್ಲರ್ ಒಳಗೆ ಅಂತ ಹೇಳ್ತಾರೆ."

"ಒಳಗಿಲ್ಲ. ನಿನ್ನ ಎದುರಿಗೆ ನಿಂತದ. ಅದಕ್ಕ ಅರವತ್ತು ವರ್ಷ ಆತು, ಸಕ್ಕರಿ ಬ್ಯಾನಿ ಅದ, ಮಣಕಾಲು ನೋಯ್ತಾವ. ನೀ ಈಗ ಬೈಸಿದ ತಾಯಿ ಗುಲ್ಟೇಕಡಿ ಮನಿಯೊಳಗ ಕುಂತು ಮೆಣಸಿನಕಾಯಿ ತೊಟ್ಟು ಮುರಿಯಾಕತ್ತಾಳ!"

ಎಲ್ಲರೂ ನಾಚಿ ತಲೆತಗ್ಗಿಸುತ್ತಾರೆ ಎಂದು ಆಕೆ ಎಣಿಸಿದ್ದರೆ ಅದು ಆಕೆಯ ತಪ್ಪು. ಜನ ಒಟ್ಟಿಗೇ ಮೊಬೈಲು ಎತ್ತಿದರು. ಯಾರೋ ಒಬ್ಬ ಪಕ್ಕಕ್ಕೆ ಬಂದು ಹಲ್ಲು ಕಿರಿದು ಸೆಲ್ಫಿ ತೆಗೆದುಕೊಂಡ. ತನುಶ್ರೀಯ ಕಣ್ಣು ಅರಳಿತು. "ಓ ಮೈ ಗಾಡ್ ಆಂಟಿ, ಆ ಮಗು ನೀವಾ? ಇದಿನ್ನೂ ಚೆನ್ನಾಗಿದೆ! ಬಲಿಯಿಂದ ಬದುಕಿ ಬಂದ ಮಗು!"

"ಬಲಿ ಕೊಟ್ಟಿರಲಿಲ್ಲ. ಸತ್ತಾಂವ ನಮ್ಮಪ್ಪ. ಹುಲಿಗೆಪ್ಪ ಅಂತ ಹೆಸರು. ಸೆಂಟ್ರಿಂಗ್ ಲಗೂನ ಬಿಚ್ಚಿಸಿ ಕೊಂದಾರ ಅವನ್ನ. ಅದನ್ನ ಹೇಳು."

ಎರಡು ಕಂಬಗಳ ನಡುವಿನ ಆ ಮೂರನೇ ಅಂಕಣದ ಪಕ್ಕ, ಕಟಾಂಜನಕ್ಕೆ ಹೊಸದಾಗಿ ಜೋಡಿಸಿದ ಕಬ್ಬಿಣದ ಚೌಕಟ್ಟನ್ನು ತನುಶ್ರೀ ತೋರಿಸಿದಳು. ಅರವತ್ತು ತುಂಬಿದ ನೆನಪಿಗೆ ಸೇತುವೆಯ ಇತಿಹಾಸದ ಫಲಕ ಬರುವುದಿತ್ತು. ಕಾರಹುಣ್ಣಿಮೆಯ ದಿನ ಉದ್ಘಾಟನೆ. "ನಿಮ್ಮನೆಯವ್ರ ಪೂಜೆ ಇರೋ ದಿನಾನೇ ಇಟ್ಕೊಂಡಿದೀವಿ ಆಂಟಿ, ಫೋಟೋಗೆ ಚೆನ್ನಾಗಿರತ್ತೆ ಅಂತ. ಕೂಸಿನ ಕಥೆ ಆಗ್ಲೇ ಪ್ರಿಂಟ್ ಆಗ್ಹೋಗಿದೆ. ನಿಮ್ಮ ತಂದೆ ಹೆಸರು ಸೇರಿಸಬೇಕು ಅಂದ್ರೆ ಕಮಿಟಿಯವ್ರು ಏನಾದ್ರೂ ಪ್ರೂಫ್ ಕೇಳ್ತಾರೆ."

"ಕೂಸಿನ ಕಥಿಗೆ ಏನು ಪ್ರೂಫ್ ಕೊಟ್ಟಿ?"

"ಅದು ಫೋಕ್‌ಲೋರ್ ಆಂಟಿ. ಅದಕ್ಕೆ ಪ್ರೂಫ್ ಬೇಕಾಗಲ್ಲ."

ಸುಳ್ಳಾದರೆ ಸಾಕ್ಷಿ ಬೇಡ, ನಿಜಕ್ಕೆ ಮಾತ್ರ ಬೇಕು. ರಂಗೂಬಾಯಿ ಹಲ್ಲು ಕಡಿದಳು. ಆದರೆ ಆ ಹುಡುಗಿ ಕೆಟ್ಟವಳಲ್ಲ. ಮೈಕು ಆರಿಸಿ, ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೋಡಿದವರು ಯಾರಾದ್ರೂ ಇದ್ರೆ ಹೇಳಿಸಿ. ನಾನು ರೆಕಾರ್ಡ್ ಮಾಡ್ಕೊಂಡು ಕಮಿಟಿ ಹತ್ರ ಜಗಳ ಆಡ್ತೀನಿ. ನಿಮ್ಮ ತಾಯಿ ಇದಾರಲ್ಲ?"

ತಾಯಿ ಇದ್ದಳು. ಇದ್ದದ್ದೇ ತೊಂದರೆ.

ರಂಗೂಬಾಯಿಗೆ ಗೊತ್ತಿದ್ದ ಕಥೆ ಇಷ್ಟು. ಆಕೆಯ ತಾಯಿ ಕಮಲವ್ವ, ತಂದೆ ಹುಲಿಗೆಪ್ಪ, ಇಬ್ಬರೂ ಗದಗಿನ ಆಚೆಯ ಹಳ್ಳಿಯಿಂದ ಈ ಸೇತುವೆಯ ಕೆಲಸಕ್ಕೆ ಬಂದವರು. ಹೊಳೆಯ ದಂಡೆಯಲ್ಲಿ ತಗಡಿನ ಗುಡಿಸಲುಗಳ ಸಾಲು. ಹುಟ್ಟಿದ ಕೂಸುಗಳೆಲ್ಲ ತೀರಿಹೋಗಿ ಕೊನೆಗೆ ಈಕೆ ಹುಟ್ಟಿದಾಗ, ಊರಿನ ಪದ್ಧತಿಯಂತೆ ಕೂಸನ್ನು ಕೊಟ್ಟು ಕೊಳ್ಳಬೇಕೆಂದು ಹಿರಿಯರು ಹೇಳಿದರು. ಊರಲ್ಲಾಗಿದ್ದರೆ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ "ಇದು ನಿಂದು" ಎಂದು ತಿರುಗಿ ನೋಡದೆ ಬರಬೇಕು. ಬೇರೆ ಹೆಂಗಸು ಹೋಗಿ ಎತ್ತಿ ತಂದು "ತಿಪ್ಪಿ ಕೂಸು ಯಾರಿಗೆ ಬೇಕ?" ಎಂದು ಕೂಗಬೇಕು. ಆಗ ಹಡೆದವಳೇ ಒಂದು ಹಿಡಿ ಜೋಳ ಕೊಟ್ಟು ಕೊಳ್ಳಬೇಕು. ಪರರ ಸೊತ್ತೆಂದು ಸಾವು ಆ ಕೂಸಿನ ತಂಟೆಗೆ ಬರುವುದಿಲ್ಲ. ಪುಣೆಯಲ್ಲಿ ತಿಪ್ಪೆ ಎಲ್ಲಿಂದ ತರುವುದು? ಕಣ್ಣೆದುರಿಗೆ ಹೊಸ ಕಂಬ ನಿಂತಿತ್ತು. ಕಮಲವ್ವ ಕೂಸನ್ನು ಅದಕ್ಕೇ ಕೊಟ್ಟಳು, ಅದರಿಂದಲೇ ಕೊಂಡಳು. ಪೂಲವ್ವ ಎಂದು ಹೆಸರಿಟ್ಟಳು. ರಂಗೂಬಾಯಿ ಎನ್ನುವುದು ಶಾಲೆಗೆ ಸೇರಿಸುವಾಗ ಬಂದ ಹೆಸರು.

ಅತ್ತ ನಿಂತು ನೋಡಿದ ಮರಾಠಿ ಆಳುಗಳಿಗೆ ಕಂಡದ್ದು ಮೊದಲರ್ಧ ಮಾತ್ರ. ತಾಯಿ ಕೂಸನ್ನು ಕಂಬದ ಬುಡದಲ್ಲಿಟ್ಟು ತಿರುಗಿ ನೋಡದೆ ಹೋದದ್ದು. ಕೊಂಡದ್ದು ಗುಡಿಸಲಿನ ಬಾಗಿಲಲ್ಲಿ, ಅದನ್ನು ನೋಡಲು ಯಾರೂ ಹಿಂದೆ ಬರಲಿಲ್ಲ.

ಅಷ್ಟೇ ಆಗಿದ್ದರೆ ರಂಗೂಬಾಯಿ ನಕ್ಕು ಬಿಡುತ್ತಿದ್ದಳು. ಆದರೆ ಕೆಲವೇ ತಿಂಗಳಿಗೆ, ಕಾರಹುಣ್ಣಿಮೆಯ ದಿನ, ಮೂರನೇ ಅಂಕಣದ ಸ್ಲ್ಯಾಬು ಕುಸಿದು ಹುಲಿಗೆಪ್ಪ ಅದರಡಿ ಸಿಕ್ಕ. ಹೆಣ ಸುಡುವ ಮೊದಲೇ ಗುತ್ತಿಗೆದಾರ ಗುಡಿಸಲುಗಳ ನಡುವೆ ನಿಂತು ಹೇಳಿದನಂತೆ: "ಕೊಟ್ಟದ್ದನ್ನ ವಾಪಸ್ ತಗೊಂಡ್ರ ಪೂಲ ಸುಮ್ಮನಿರ್ತದೇನು? ಕೂಸಿನ ಬದಲಿಗೆ ಅಪ್ಪನ್ನ ತಗೊಂಡ್ತು." ಹಾಗೆಂದು ಹೇಳಿ ಕೈ ತೊಳೆದುಕೊಂಡ. ವಿಧವೆಗೆ ತನ್ನ ಗೋದಾಮಿನ ಹಿಂದೆ ಒಂದು ಖೋಲಿ ಕೊಟ್ಟು ದೊಡ್ಡ ಮನುಷ್ಯನೂ ಆದ.

ಆ ಮಾತು ಕೂಸಿನ ಹಣೆಗೆ ಅಂಟಿತು. ಅಪ್ಪನ್ನ ತಿಂದಾಕಿ ಎಂದು ಜೊತೆಯ ಮಕ್ಕಳು ಕೂಗಿದರು. ಮದುವೆಗೆ ಮೊದಲು ಶಾಂತಿ ಮಾಡಿಸಬೇಕೆಂದು ಅತ್ತೆ ಹಟ ಹಿಡಿದಳು. ವಿಕಾಸ ಹುಟ್ಟಿದಾಗ ಗಂಡನ ಮನೆಯವರು ಈ ಸೇತುವೆ ದಾಟದೆ ಸುತ್ತು ಹಾಕಿ ಬಂದರು. ಇದಕ್ಕೆಲ್ಲ ಮೊದಲೇ, ಆಕೆಗೆ ಹದಿನಾರಾಗಿದ್ದಾಗ, ಅಪ್ಪನ ಜೊತೆಗಾರ ಹಂಪಣ್ಣ ಕಾಕಾ ನಿಜ ಹೇಳಿದ್ದ: ಮುಂದಿನ ಅಂಕಣಕ್ಕೆ ಹಲಗೆ ಕಡಿಮೆ ಬಿದ್ದವೆಂದು ಗುತ್ತಿಗೆದಾರ ಸ್ಲ್ಯಾಬು ಹಸಿ ಇರುವಾಗಲೇ ಅದನ್ನು ಹೊತ್ತ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿಸಿದ. ಪೂಲ ಯಾರನ್ನೂ ತಿನ್ನಲಿಲ್ಲ.

ಅಂದು ಓಡಿ ಬಂದು ತಾಯಿಗೆ ಹೇಳಿದ್ದಳು. ಕಮಲವ್ವ ಕೇಳಿಸಿಕೊಂಡು ಒಲೆಗೆ ಕಟ್ಟಿಗೆ ಒಡ್ಡಿದಳು. ಕಾರಹುಣ್ಣಿಮೆ ಬಂದಾಗ ಪ್ರತಿ ವರ್ಷದಂತೆ ಕುಪ್ಪಸದ ಕಣ, ಜೋಳ, ಒಣಕೊಬ್ಬರಿ, ಅರಿಶಿನದ ಬೇರು ಎಲ್ಲ ತಟ್ಟೆಯಲ್ಲಿಟ್ಟು ಮಗಳ ಕೈಗೆ ಕೊಟ್ಟಳು. ತಾನು ವಿಧವೆ, ಉಡಿ ತುಂಬುವಂತಿಲ್ಲ. ತಾನು ಹೊರುತ್ತಿದ್ದದ್ದು ಒಂದು ಕೊಡ ನೀರು. ಪೂಜೆಗೆ ಒಂದು ತಂಬಿಗೆ ಸಾಕು, ಈಕೆಗೆ ತುಂಬಿದ ಕೊಡವೇ ಬೇಕು, ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಉಡಿಯನ್ನು ಕಟಾಂಜನದ ಮೇಲೆ ಇಡಿಸಿ, ನೀರನ್ನು ಮಾತ್ರ ರಸ್ತೆಯ ನಡುವೆ, ಅಂಕಣದ ಉದ್ದಕ್ಕೂ ಸುರಿಯುತ್ತಿದ್ದಳು. ಹಿಂದೆ ಬಸ್ಸುಗಳು ಹಾರ್ನು ಬಾರಿಸುತ್ತಿದ್ದವು.

ಕೊಂದವನ ಮಾತನ್ನು ನಂಬಿ, ಕೊಂದ ಜಾಗಕ್ಕೆ ಕೈಮುಗಿಯುವ ತಾಯಿ. ರಂಗೂಬಾಯಿಗೆ ಊರಿನವರ ಮೇಲೆ ಬಂದ ಸಿಟ್ಟು ಒಂದು ತೂಕವಾದರೆ ತಾಯಿಯ ಮೇಲಿನದು ನಾಲ್ಕು ತೂಕ. ನಲವತ್ತು ದಾಟಿದ ವರ್ಷ ತಟ್ಟೆ ಎತ್ತಿ ಎಸೆದು, ಇನ್ನು ಮುಂದೆ ಈ ಕೈಯಿಂದ ಆಗುವುದಿಲ್ಲ ಎಂದಿದ್ದಳು. ನಡುವೆ ಓಣಿಯ ಯಾರನ್ನೋ ಕರೆದೊಯ್ದು ಕಮಲವ್ವ ಪದ್ಧತಿ ನಡೆಸಿದಳು. ಈಗ ಉಡಿ ತುಂಬುವುದು ಸೊಸೆ ಮಂಜರಿಯ ಪಾಲು.

ಸೇತುವೆಯಿಂದ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಕಮಲವ್ವ ಚಾಪೆಯ ಮೇಲೆ ಕುಳಿತಿದ್ದಳು. ವಯಸ್ಸು ಎಂಬತ್ತು ದಾಟಿದರೂ ಬೆರಳು ನಿಂತಿರಲಿಲ್ಲ, ಎಡಕ್ಕೆ ತೊಟ್ಟು, ಬಲಕ್ಕೆ ಕಾಯಿ ಬೀಳುತ್ತಿದ್ದವು.

"ಊರ ಮಂದಿ ನಿನ್ನ ರಾಕ್ಷಸಿ ಮಾಡಿ ಬೋರ್ಡ್ ಬರಸ್ಯಾರ. ಹಡೆದ ಕೂಸನ್ನ ಹೂಳಿದಾಕಿ ಅಂತ. ಕೇಳಿಸ್ತೇನು?"

"ಕೇಳಿಸ್ತು. ಕಿವಿ ಛಲೋ ಅದಾವ."

"ಅಪ್ಪ ಹೆಂಗ ಸತ್ತ ಅಂತ ಒಂದ ಮಾತು ಹೇಳು ಸಾಕು. ಪೂಲ ನುಂಗಲಿಲ್ಲ, ಮನಿಷ್ಯಾ ಕೊಂದ ಅಂತ. ಆ ಹುಡುಗಿ ಬರಕೋತಾಳ. ಬೋರ್ಡಿನ ಮ್ಯಾಲೆ ಅಪ್ಪನ ಹೆಸರು ಬರ್ತದ."

ಕಮಲವ್ವ ಇನ್ನೊಂದು ಕಾಯಿ ಎತ್ತಿಕೊಂಡಳು. "ಕಾರಹುಣ್ಣಿಮಿ ಬಂತು. ಕಣ ತರಸೀರೇನ?"

ರಂಗೂಬಾಯಿ ಕಾಯಿಯ ಬುಟ್ಟಿಯನ್ನು ಕಾಲಿನಿಂದ ಒದ್ದಳು. ಮನೆಯ ತುಂಬ ಕೆಂಪು ಚೆಲ್ಲಾಡಿತು, ಘಾಟಿಗೆ ಒಳಗಿದ್ದ ಮಂಜರಿ ಕೆಮ್ಮುತ್ತ ಹೊರಗೆ ಬಂದಳು. "ಅರವತ್ತು ವರ್ಷ ಅವನ ಮಾತು ನಂಬಿದಿ! ಅವ ಸತ್ತು ಮಣ್ಣಾದ, ಅವನ ಗೋದಾಮೂ ಉಳಿಲಿಲ್ಲ, ಇನ್ನೂ ನಂಬಾಕತ್ತಿ! ನನ್ನ ಮಾರಿ ನೋಡಿದಾಗೆಲ್ಲ ಗಂಡನ್ನ ತಿಂದ ಕೂಸು ಅಂತನ ಅನಸ್ತೈತೇನ ನಿನಗ?"

ಮುದುಕಿ ಚಾಪೆಯಿಂದ ಮುಂದಕ್ಕೆ ಬಾಗಿದಳು. ಆಮೇಲೆ ಚೆಲ್ಲಿದ ಕಾಯಿಗಳನ್ನು ಒಂದೊಂದಾಗಿ ಬಳಿದು ಮತ್ತೆ ಬುಟ್ಟಿಗೆ ತುಂಬಿದಳು. ಅಂದಿನಿಂದ ತಾಯಿ ಮಗಳ ನಡುವೆ ಮಾತಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಮಂಜರಿಯ ಮೂಲಕ ನೀರು, ಮಜ್ಜಿಗೆ ಕೇಳಿದರು.

ಕಾರಹುಣ್ಣಿಮೆಯ ಬೆಳಿಗ್ಗೆ ಸೇತುವೆಯ ಮೇಲೆ ಸಣ್ಣ ಶಾಮಿಯಾನ ಎದ್ದಿತ್ತು. ಒಂದು ಪಕ್ಕದ ವಾಹನ ತಡೆದಿದ್ದರು. ಫಲಕಕ್ಕೆ ಕೇಸರಿ ಬಟ್ಟೆ ಹೊದಿಸಿ ಹಗ್ಗ ಬಿಟ್ಟಿದ್ದರು. ರಂಗೂಬಾಯಿ ಬಂದದ್ದು ಒಂದೇ ಉದ್ದೇಶಕ್ಕೆ, ಆ ಹಗ್ಗವನ್ನು ಎಳೆಯಗೊಡಬಾರದು. ಹೇಗೆ ಎಂದು ಆಕೆಗೇ ತಿಳಿದಿರಲಿಲ್ಲ. ಮಾತಾಡುವ ಸಾಕ್ಷಿ ಇಲ್ಲದ ಮೇಲೆ ಉಳಿದದ್ದು ಜಗಳವೊಂದೇ, ಜಗಳದಲ್ಲಿ ಆಕೆಯದು ಎತ್ತಿದ ಕೈ.

ಸಮಿತಿಯ ಅಧ್ಯಕ್ಷ ನಿತಿನ ಎಂಬವನು ಆಕೆಯನ್ನು ಕಂಡದ್ದೇ ಮೈಕಿನಲ್ಲಿ ಕರೆದ. ಮರಾಠಿಯಲ್ಲಿ ಅವನು ಹೇಳಿದ್ದರ ಅರ್ಥ ಇಷ್ಟೇ: ಸೇತುವೆಯ ಕೂಸು ಸ್ವತಃ ನಮ್ಮ ನಡುವೆ ಬಂದಿದೆ, ಅದಕ್ಕೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಜನ ಚಪ್ಪಾಳೆ ತಟ್ಟಿದರು. ಅವನು ಶಾಲು ಬಿಚ್ಚಿಕೊಂಡು ನಗುತ್ತ ಬಂದ. ರಂಗೂಬಾಯಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಅಪ್ಪನ್ನ ಕೊಂದು ಮಗಳಿಗೆ ಶಾಲು ಹೊಚ್ಚತೀರೇನು?" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಮಾರ್ಕೆಟ್ ಯಾರ್ಡಿನ ಮರಾಠಿಯಲ್ಲಿ ಕೂಗಿದಳು. ಮರಾಠಿಯಲ್ಲಿ ಇನ್ನೂ ನಾಲ್ಕು ಮಾತು ಹೆಚ್ಚೇ ಸೇರಿದವು. ನಿತಿನನ ನಗು ಮಾಯವಾಯಿತು. "ಆಜೀ, ದೋನ್ ಮಿನಿಟ್, ದೋನ್ ಮಿನಿಟ್" ಎನ್ನುತ್ತ ಹಿಂದೆ ಸರಿದ. ವಿಕಾಸ ಓಡಿ ಬಂದು ತಾಯಿಯ ತೋಳು ಹಿಡಿದ. ಆಗ ಹಿಂದಿನಿಂದ ಮಂಜರಿಯ ದನಿ ಬಂತು: "ಅತ್ತೀ, ಇಲ್ಲಿ ನೋಡ್ರಿ."

ಕಮಲವ್ವ ಬಂದಿದ್ದಳು. ರಿಕ್ಷಾದಿಂದ ಇಳಿದು, ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಅತಿಥಿಗಳ ಕುರ್ಚಿಗಳ ನಡುವೆಯೇ ನಡೆದು ಬಂದಳು. ಮಂಜರಿಯ ಕೈಯ ಉಡಿಯ ತಟ್ಟೆಯ ಕಡೆ ನೋಡಲೂ ಇಲ್ಲ. ಮೂರನೇ ಅಂಕಣ ಶುರುವಾಗುವಲ್ಲಿ ನಿಂತು, ಕೊಡ ಬಾಗಿಸಿ, ರಸ್ತೆಯ ಮೇಲೆ ನೀರು ಬಿಡುತ್ತ ಒಂದೊಂದೇ ಹೆಜ್ಜೆ ಮುಂದೆ ಹೋದಳು. ಬೆನ್ನು ಬಾಗಿತ್ತು, ಆದರೆ ನೀರು ಒಂದೇ ಸಮ ಬೀಳುತ್ತಿತ್ತು.

ತನುಶ್ರೀ ಮೊಬೈಲು ಹಿಡಿದು ಪಕ್ಕದಲ್ಲಿ ನಡೆದಳು. ಅವಳ ದನಿ ತೇವವಾಗಿತ್ತು. "ಅಜ್ಜಿ, ಮಗುಗೆ ನೀರು ಕುಡಿಸ್ತಿದೀರಾ?"

"ಯಾವ ಮಗು?" ಕಮಲವ್ವ ತಲೆ ಎತ್ತಿದಳು. "ಸ್ಲ್ಯಾಬಿಗೆ."

"ಸ್ಲ್ಯಾಬಿಗಾ?"

"ನಾ ಇಲ್ಲಿ ನೀರುಣಿಸಾಕಿ ಇದ್ದೆ. ಹೊಳಿಂದ ಕೊಡ ಹೊತ್ತು ತಂದು ಮುಂಜಾನಿ ಸಂಜಿ ಹಾಕಬೇಕು. ಮೂರು ವಾರ. ಎಲ್ಲಾ ಅಂಕಣಕ್ಕೂ ಹಾಕೇನಿ. ಇದಕ್ಕ ಮಾತ್ರ ಒಂದ ವಾರಕ್ಕ ಸಾಕು ಮಾಡು ಅಂದ, ಆ ಗುತ್ತಿಗಿದಾರ. ಮುಂದಿನ ಅಂಕಣಕ್ಕ ಹಲಗಿ ಬೇಕು, ಇಲ್ಲೀವು ಬಿಚ್ಚತೀವಿ ಅಂದ. ಹಸಿ ಐತ್ರಿ ಧಣೇರ ಅಂದೆ. ನಮ್ಮ ಮನಿಯಾಂವನೂ ಅಂದ. ನೀವೇನು ಇಂಜಿನೇರ್ ಏನ್ರಲೇ ಅಂತ ಬೈದು, ಹಲಗಿ ಬಿಚ್ಚಾಕ ಅವನ್ನ ಕೆಳಗ ಕಳಿಸಿದ." ಕೊಡದಲ್ಲಿ ಉಳಿದದ್ದನ್ನು ಸುರಿದಳು. "ಬಿತ್ತು. ಪೂಲ ಅವನ್ನ ತಗೊಳ್ಳಲಿಲ್ಲ. ಪೂಲಿಗೆ ಏನ್ ಗೊತ್ತು, ಅದಕ್ಕ ಇನ್ನೂ ನೀರ ಸಾಲ್ದಾಗಿತ್ತು."

ರಂಗೂಬಾಯಿಯ ಕೈಯಲ್ಲಿ ಶಾಲು ಹಾಗೇ ಇತ್ತು. ಅರವತ್ತು ವರ್ಷದ ಕೊಡಗಳೆಲ್ಲ ಒಮ್ಮೆಲೇ ತಲೆಯ ಮೇಲೆ ಬಿದ್ದ ಹಾಗಾಯಿತು. ತಾಯಿ ಒಂದು ದಿನವೂ ಗುತ್ತಿಗೆದಾರನ ಮಾತು ನಂಬಿರಲಿಲ್ಲ. ಹಾಗಾದರೆ ತನ್ನ ಸಿಟ್ಟು ಇಷ್ಟು ವರ್ಷ ಯಾರ ಮೇಲಿತ್ತು? ಆ ಯೋಚನೆಗೆ ಮೈಯೆಲ್ಲ ಇನ್ನಷ್ಟು ಉರಿಯಿತು.

"ಮತ್ತ ಉಡಿ? ಉಡಿ ಯಾಕ ತುಂಬಿಸಿದಿ ನನ್ನ ಕೈಲೆ?"

"ಉಡಿ ಮಂದಿಗೆ ತೋರ್ಸಾಕ. ನೀರು ನಂದು." ಕಮಲವ್ವ ಮಗಳನ್ನೇ ದಿಟ್ಟಿಸಿದಳು. "ಬರೇ ನೀರು ಹಾಕಿದ್ರ ಯಾಕ ಅಂತ ಕೇಳ್ತಿದ್ದ ಆ ಗುತ್ತಿಗಿದಾರ. ಉಡಿ ತುಂಬಿ ಹಾಕಿದ್ರ, ಹೆಂಗಸು ಪೂಜಿ ಮಾಡಾಕತ್ತಾಳ, ಹೇಳಿದ್ದು ನಂಬ್ಯಾಳ ಅಂತ ಸುಮ್ನಾದ. ಅವನ ಖೋಲಿಯೊಳಗ ನಿನ್ನ ಹಾಕ್ಕೊಂಡು ಮಲಗತಿದ್ದೆ. ಬಾಯಿ ಬಿಟ್ಟಿದ್ರ ಕೂಸು ತಗೊಂಡು ಎಲ್ಲಿ ಹೋಗ್ತಿದ್ದೆ?"

"ಅವ ಸತ್ತ ಮ್ಯಾಲಾದ್ರೂ ನನಗ ಹೇಳಬೇಕಿಲ್ಲ? ಅಪ್ಪನ್ನ ತಿಂದಾಕಿ ಅಂತ ನಾ ಹೊತ್ತೇನಿ! ನಾನು!"

"ಹೌದು, ಹೊತ್ತಿ. ನಾನೂ ಹೊತ್ತೇನಿ. ಹಸಿ ಐತಿ ಅಂತ ಗೊತ್ತಿದ್ದೂ ಅವನ್ನ ಕೆಳಗ ಹೋಗಾಕ ಬಿಟ್ಟೇನಿ." ಮುದುಕಿಯ ದನಿ ಏರಿತು. ಆ ಏರು ದನಿ ಎಲ್ಲಿಂದ ಮಗಳಿಗೆ ಬಂದಿದೆ ಎಂದು ಅಲ್ಲಿದ್ದವರಿಗೆಲ್ಲ ಅಂದು ತಿಳಿಯಿತು. "ನೀ ನನಗ ಯಾವತ್ತ ಕೇಳಿದಿ? ಹದಿನಾರು ವರ್ಷದಾಕಿ ಬಂದು ಬೈದಿ. ತಾಟು ಎತ್ತಿ ಒಗದು ಬೈದಿ. ಮೊನ್ನಿ ಬುಟ್ಟಿ ಒದ್ದು ಬೈದಿ. ಯವ್ವಾ, ಈ ನೀರು ಯಾಕ ಹಾಕ್ತಿ ಅಂತ ಒಂದ ಸಲ ಕೇಳಿದ್ಯಾ?"

ರಂಗೂಬಾಯಿ ತಲೆ ತಗ್ಗಿಸಿ ಒದ್ದೆ ರಸ್ತೆ ನೋಡಿದಳು. ಮಾರ್ಕೆಟ್ ಯಾರ್ಡಿನವರು ಯಾರಾದರೂ ಅಲ್ಲಿದ್ದರೆ ತಮ್ಮ ಕಣ್ಣನ್ನು ತಾವೇ ನಂಬುತ್ತಿರಲಿಲ್ಲ.

ತನುಶ್ರೀ ಒಂದು ಹೆಜ್ಜೆ ಹತ್ತಿರ ಬಂದಳು. ಮೊಬೈಲು ಹಿಡಿದ ಕೈ ಇಳಿದಿರಲಿಲ್ಲ. "ಅಜ್ಜಿ, ಅವರ ಹೆಸರು... ಒಂದ್ಸಲ ನೀವೇ ಹೇಳ್ತೀರಾ? ರೆಕಾರ್ಡಿಂಗ್‌ಗೆ."

ಕಮಲವ್ವ ಹಿಂದಿನ ಕಾಲದವಳು. ಗಂಡನ ಹೆಸರನ್ನು ಆಕೆ ಬಾಯಲ್ಲಿ ತಂದವಳೇ ಅಲ್ಲ. ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ ಯಾರು ಕೇಳಿದರೂ ಮಗಳ ಕಡೆ ನೋಡುವಳು, ಮಗಳು ಹೇಳುವಳು. ಈಗಲೂ ರೂಢಿಯಂತೆ ನೋಡಿದಳು. ರಂಗೂಬಾಯಿ ಹೇಳಲೆಂದು ಮುಂದೆ ಬಂದಳು. ಮುದುಕಿ ಕೈ ಅಡ್ಡ ಹಿಡಿದಳು.

"ಹುಲಿಗೆಪ್ಪ" ಎಂದಳು. ಮೈಕಿಲ್ಲದೆ, ಗಟ್ಟಿಯಾಗಿ. ಆಮೇಲೆ, ಹೇಳಿದ್ದು ಸರಿಯಾಗಿದೆಯೋ ಇಲ್ಲವೋ ಎಂಬಂತೆ ಇನ್ನೊಮ್ಮೆ: "ಹುಲಿಗೆಪ್ಪ."

ಅತ್ತ ನಿತಿನನಿಗೆ ಹೊತ್ತಾಗುತ್ತಿತ್ತು. ಮುಖ್ಯ ಅತಿಥಿಗಳು ಗಡಿಯಾರ ನೋಡುತ್ತಿದ್ದರು. ಇದೇ ಸಮಯವೆಂದು ಅವನು ಮೆಲ್ಲಗೆ ಹೋಗಿ ಹಗ್ಗಕ್ಕೆ ಕೈ ಹಾಕಿದ. ರಂಗೂಬಾಯಿ ಎರಡೇ ಹೆಜ್ಜೆಗೆ ಅಲ್ಲಿದ್ದಳು, ಮಣಕಾಲು ನೋವು ಎಲ್ಲಿ ಹೋಯಿತೋ. ಕೇಸರಿ ಬಟ್ಟೆಯ ಮೇಲೆ ಶಾಲನ್ನು ಸುತ್ತಿ, ಮೂಟೆಯ ಬಾಯಿ ಬಿಗಿಯುವ ಹಾಗೆ ಎರಡು ಗಂಟು ಹಾಕಿದಳು.

"ಇದರ ಒಳಗಿಂದು ಅಳಿಸಿ ಅಪ್ಪನ ಹೆಸರು ಬರೀರಿ. ಕೊಂದ ರೀತಿನೂ ಬರೀರಿ. ಅಲ್ಲೀತನಕ ಈ ಗಂಟು ಬಿಚ್ಚಿದಾಂವಗ ನಾ ಇದ್ದೇನಿ."

ಯಾರೂ ಬಿಚ್ಚಲಿಲ್ಲ. ತನುಶ್ರೀ ಬಂದು ಫಲಕಕ್ಕೆ ಬೆನ್ನು ಕೊಟ್ಟು ಪಕ್ಕದಲ್ಲಿ ನಿಂತಳು. ನಿತಿನ ಅವಳಿಗೆ ಇಂಗ್ಲಿಷಿನಲ್ಲಿ ಏನೋ ಗದರಿದ, ಅವಳು ಅದೇ ಇಂಗ್ಲಿಷಿನಲ್ಲಿ ಇಲ್ಲವೆಂದಳು. ತಡೆದಿದ್ದ ವಾಹನಗಳು ಆಚೆ ಕಡೆ ಬೊಬ್ಬೆ ಹೊಡೆಯುತ್ತಿದ್ದವು.

ಕಮಲವ್ವ ಯಾರ ಕಡೆಗೂ ನೋಡುತ್ತಿರಲಿಲ್ಲ. ಅಂಕಣದ ನಡುವೆ, ನೀರಿನ ಗೆರೆ ಮುಗಿದ ಜಾಗದಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದಳು. ಅಲ್ಲಿಂದ ಮುಂದಿನ ರಸ್ತೆ ಬಿಸಿಲಿಗೆ ಒಣಗಿ ಬೆಳ್ಳಗಿತ್ತು.

ರಂಗೂಬಾಯಿ ಹತ್ತಿರ ಹೋದಳು. ಸಿಟ್ಟು ಇಳಿದಿರಲಿಲ್ಲ. ತಾಯಿಯ ಮೇಲೆ, ತನ್ನ ಮೇಲೆ, ಸತ್ತು ಹೋಗಿ ಕೈಗೆ ಸಿಗದೆ ಉಳಿದ ಆ ಗುತ್ತಿಗೆದಾರನ ಮೇಲೆ, ಎಲ್ಲರ ಮೇಲೂ ಇತ್ತು. ಆದರೂ ಬಾಯಿಂದ ಬಂದದ್ದು ಬೈಗುಳವಲ್ಲ.

"ಯವ್ವಾ, ಇನ್ನೂ ಎಷ್ಟು ಬೇಕು ಇದಕ್ಕ?"

ಅರವತ್ತು ವರ್ಷ ಯಾರ ಕೈಗೂ ಕೊಡದ ಕೊಡವನ್ನು ಕಮಲವ್ವ ಮಗಳ ಕೈಗೆ ಕೊಟ್ಟಳು.

"ಎರಡು ವಾರದ್ದು ಬಾಕಿ ಐತಿ, ಪೂಲವ್ವ. ತಗೊಂಡು ಬಾ."